ನನ್ನ ಮರದ ಬೊಡ್ಡೆ

ಕೂತ ಕಡೆ ಕೂರುವುದು ನನಗೆ ಬರುವುದಿಲ್ಲ. ಕೂತರೆ ಕಾಲು ಅಲ್ಲಾಡುತ್ತದೆ. ಕಾಲನ್ನು ಬಿಗಿಹಿಡಿದರೆ ಬೆರಳು ಮೇಜು ಬಡಿಯುತ್ತದೆ. ಬೆರಳನ್ನೂ ಮಡಿಸಿಟ್ಟುಕೊಂಡರೆ ಬಾಯಿ ಶುರುವಾಗುತ್ತದೆ. ನನ್ನ ಹೆಂಡತಿ ರತ್ನ ಮದುವೆಯಾದ ಹೊಸದರಲ್ಲಿ "ಒಂದ್ ಗಳಿಗೆ ಕುಂತ್ಕೊಳ್ರೀ, ನೋಡಿ ನೋಡಿ ನಂಗೇ ತಲೆ ಸುತ್ತತದೆ" ಅನ್ನುತ್ತಿದ್ದಳು. ಈಗ ಅದನ್ನೂ ಬಿಟ್ಟಿದ್ದಾಳೆ. ಕೊಳ್ಳೇಗಾಲದಲ್ಲಿ ನನ್ನದೊಂದು ಗೊಬ್ಬರ, ಬೀಜ, ಔಷಧಿಯ ಅಂಗಡಿಯಿದೆ. ಗಲ್ಲಾದ ಹಿಂದೆ ಒಳ್ಳೆಯ ಕುರ್ಚಿಯೂ ಇದೆ. ಅದರಲ್ಲಿ ಕೂರುವವರು ಗಿರಾಕಿಗಳು. ನಾನು ಬಾಗಿಲಿಗೂ ಗೋದಾಮಿಗೂ ಓಡಾಡಿಕೊಂಡೇ ವ್ಯಾಪಾರ ಮಾಡುತ್ತೇನೆ.

ಒಂದು ದಿನ ಹನೂರು ಕಡೆಯ ರೈತರೊಬ್ಬರು ಬಂದು ಬಿಸ್ಕತ್ತಿನ ಕವರೊಂದನ್ನು ಗಲ್ಲಾದ ಮೇಲೆ ಬೋರಲು ಹಾಕಿದರು. ಅದರೊಳಗಿಂದ ಒಂದು ದುಂಬಿ ಉರುಳಿತು. ಕಪ್ಪಗೆ ಮಿರಿಮಿರಿ ಮಿಂಚುವ, ಮೂತಿಯ ಮೇಲೆ ಒಂದು ಕೊಂಬಿರುವ ದುಂಬಿ.

"ನೋಡಿ ಸಾ, ಇವ್ನೇ. ತೆಂಗಿನ ಸುಳಿ ಒಳಗೆ ಕುಂತಿದ್ದ. ಕಂಬಿ ಆಕಿ ಎಳ್ದೆ."

ನನಗೆ ಇಂಥ ಹೊತ್ತಿನಲ್ಲಿ ಬಹಳ ಹುರುಪು. ನಿಂತಲ್ಲೇ ಭಾಷಣ ಆರಂಭಿಸಿದೆ. ಈ ದುಂಬಿ ತೆಂಗಿನ ಸುಳಿ ಕೊರೆಯುತ್ತದೆ, ಗರಿ ಬಿಚ್ಚಿಕೊಂಡಾಗ ಕತ್ತರಿ ಆಡಿಸಿದ ಹಾಗೆ ಕಾಣುತ್ತದೆ. ಸುಳಿಯ ಸುತ್ತ ಬೇವಿನ ಹಿಂಡಿಯನ್ನೂ ಮರಳನ್ನೂ ಬೆರೆಸಿ ತುಂಬಿ. ಆದರೆ ಅದೆಲ್ಲ ಆಮೇಲೆ. ಇದು ಮೊಟ್ಟೆಯಿಡುವುದು ತಿಪ್ಪೆಯಲ್ಲಿ, ಇಲ್ಲವೇ ಕೊಳೆತ ತೆಂಗಿನ ಬೊಡ್ಡೆಯಲ್ಲಿ. ಮರ ಕಡಿದು ಬೊಡ್ಡೆ ಹಾಗೇ ಬಿಟ್ಟಿದ್ದರೆ ಮೊದಲು ಅದನ್ನು ಕಿತ್ತು ಬಿಸಾಡಿ, ಅದಿರುವ ತನಕ ಹೊಸ ಸಸಿ ನೆಡಲೇಬೇಡಿ.

ಅವರು ಎಲ್ಲವನ್ನೂ ತಲೆಯಾಡಿಸಿ ಕೇಳಿ, "ನಿಮ್ ಇತ್ತಲಲ್ಲೂ ತೆಂಗು ಅದಲ್ವಾ ಸಾ? ಅಲ್ಲೇನೂ ಕಾಟ ಇಲ್ವಾ?" ಅಂದರು.

ಬೇವಿನ ಹಿಂಡಿ ತರುವ ನೆಪದಲ್ಲಿ ಗೋದಾಮಿಗೆ ಹೋದವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ನಿಂತಿದ್ದೆ. ಏಕೆಂದರೆ ಮುಳ್ಳೂರಿನ ನಮ್ಮ ಮನೆಯ ಹಿತ್ತಲಲ್ಲಿ, ಮರ ಕಡಿದು ಎರಡು ವರ್ಷವಾಗಿದ್ದರೂ, ಮಂಡಿಯೆತ್ತರದ ಒಂದು ತೆಂಗಿನ ಬೊಡ್ಡೆ ಕೊಳೆಯುತ್ತಾ ಕೂತಿತ್ತು. ತಾಲ್ಲೂಕಿನ ಬೊಡ್ಡೆಗಳನ್ನೆಲ್ಲ ಕೀಳಿಸುತ್ತಿದ್ದ ನನಗೆ ಅದೊಂದನ್ನು ಮುಟ್ಟಲು ಅಪ್ಪಣೆಯಿರಲಿಲ್ಲ.

ಆ ದುಂಬಿಯ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ನಾವು ಚಿಕ್ಕವರಿದ್ದಾಗ ಅದು ನಮಗೆ ಪೀಡೆಯಾಗಿರಲಿಲ್ಲ, ಆಟದ ಸಾಮಾನಾಗಿತ್ತು. ಮಳೆ ಬಂದ ಸಂಜೆ ದೀಪಕ್ಕೆ ಬಂದು ಬೀಳುತ್ತಿತ್ತು. ಕೊಂಬಿಗೆ ದಾರ ಕಟ್ಟಿ ಹಾರಿಸಿದರೆ ಗುಂಯ್ ಎಂದು ತಲೆಯ ಸುತ್ತ ಸುತ್ತುತ್ತಿತ್ತು. ದಾರ ಎಲ್ಲಿಂದ ಅನ್ನುತ್ತೀರಾ? ಕೊಳ್ಳೇಗಾಲದ ಮಗ್ಗದ ಮನೆಗಳಲ್ಲಿ ಎಸೆದ ರೇಷ್ಮೆ ನೂಲಿನ ತುಂಡು. ನನ್ನ ಗೌರಕ್ಕ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ರೇಷ್ಮೆ ದಾರದಲ್ಲಿ ದುಂಬಿ ಹಾರಿಸಿದ ಶ್ರೀಮಂತರು ನಾವು. ಗೌರಕ್ಕ ನನಗಿಂತ ಐದಾರು ವರ್ಷಕ್ಕೆ ದೊಡ್ಡವಳು, ಕೌದಳ್ಳಿಗೆ ಕೊಟ್ಟಿದೆ, ಈಗ ನಾಲ್ಕು ಮೊಮ್ಮಕ್ಕಳ ಅಜ್ಜಿ. ಅವಳ ಎಡಗಿವಿಯ ಹಾಲೆ ಹರಿದು ಎರಡಾಗಿದೆ. ಹಾಗಾಗಿ ಆ ಕಿವಿಗೆ ಓಲೆಯಿಲ್ಲ. ಹರಿದವನು ನಾನು. ಹಾಗೆಂದು ಅವಳು ಬುದ್ಧಿ ಬಂದಾಗಿನಿಂದ ಹೇಳಿಕೊಂಡು ಬಂದಿದ್ದಾಳೆ.

"ತೊಟ್ಲು ತೂಗಿ ತೂಗಿ, ಅಳ್ತೀಯಲ್ಲಾ ಅಂತ ಎತ್ಕಂಡ್ರೆ, ಓಲೆ ಇಡ್ಕಂಡು ಜಗ್ಗಿಬುಟ್ಟೆ. ರಕ್ತ ಬಳಬಳ ಅಂತು. ನೀನು ನಗ್ತಿದ್ದೆ ಕಣ್ಲಾ, ನಗ್ತಿದ್ದೆ!"

ಮದುವೆ ಮನೆಯಲ್ಲಿ, ತಿಥಿ ಮನೆಯಲ್ಲಿ, ನನ್ನ ಹೆಣ್ಣು ನೋಡಲು ಹೋದ ಮನೆಯಲ್ಲಿ ಕೂಡ ಅವಳು ಈ ಕತೆ ಹೇಳಿ ಕಿವಿ ತೋರಿಸಿದ್ದಾಳೆ. ನಾನು ತಪ್ಪೊಪ್ಪಿಕೊಂಡು ಪ್ರತಿ ಗೌರಿ ಹಬ್ಬಕ್ಕೂ ಬಾಗಿನದ ಜೊತೆ ಒಂದು ಸೀರೆ ಹೆಚ್ಚಿಗೆ ಇಡುತ್ತಾ ಬಂದಿದ್ದೇನೆ.

ಮತ್ತೆ ಬೊಡ್ಡೆಗೆ ಬರೋಣ. ಅದನ್ನು ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದವಳು ನಮ್ಮವ್ವ. ಏಕೆಂದು ತಿಳಿಯಬೇಕಾದರೆ ನಮ್ಮ ಮನೆಯ ಒಂದು ಪದ್ಧತಿ ಗೊತ್ತಿರಬೇಕು. ಮನೆಯಲ್ಲೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಕೂಸಿನ ಹಿಂದೆಯೇ ಬರುವ ಮಾಸನ್ನು, ನಮ್ಮವ್ವನ ಮಾತಿನಲ್ಲಿ 'ಕಸ'ವನ್ನು, ಹೊಸ ಕುಡಿಕೆಯೊಂದಕ್ಕೆ ಹಾಕಿ ಹಿತ್ತಲಲ್ಲಿ ಹೂಳುತ್ತಿದ್ದರು. ಅದರ ಮೇಲೆ ಒಂದು ತೆಂಗಿನ ಸಸಿ. ಬಾಣಂತಿಗೂ ಕೂಸಿಗೂ ಎರೆದ ಬಿಸಿನೀರು ಬಚ್ಚಲಿನಿಂದ ಹರಿದು ನೇರವಾಗಿ ಅದರ ಬುಡಕ್ಕೆ ಹೋಗಬೇಕು. ಆ ಮರ ಆ ಕೂಸಿನದು. ಬಚ್ಚಲ ಪಕ್ಕದ್ದು ಗೌರಕ್ಕನ ಮರ. ಗೋಡೆಯ ಮಗ್ಗುಲಿನದು ನನ್ನ ಮರ.

ಮರವಿರುವ ಮಕ್ಕಳಿಗೆ ಅದೊಂದು ಬಗೆಯ ಜಂಬ. ಅವಳ ಮರದಲ್ಲಿ ಗೊನೆ ಹೆಚ್ಚೋ, ನನ್ನದರಲ್ಲಿ ಹೆಚ್ಚೋ ಎಂಬ ಜಗಳ ವರ್ಷವಿಡೀ ನಡೆಯುತ್ತಿತ್ತು. ನನ್ನ ಮರಕ್ಕೆ ನಾನೇ ನೀರು ಹಾಕುತ್ತಿದ್ದೆ. ಯಾವ ನೀರು ಎಂದು ಬಿಡಿಸಿ ಹೇಳಬೇಕಾಗಿಲ್ಲ, ಗಂಡುಹುಡುಗ, ಬಚ್ಚಲ ತನಕ ಹೋಗುವ ತಾಳ್ಮೆ ಆಗಲೂ ಇರಲಿಲ್ಲ. ಜ್ವರ ಬಂದು ಮಲಗಿದರೆ ಅಪ್ಪ ಮೊದಲು ಹಿತ್ತಲಿಗೆ ಹೋಗಿ ಮರದ ತಲೆ ನೋಡಿಕೊಂಡು ಬಂದು, "ಸುಳಿ ನೆಟ್ಟಗದೆ, ಏನೂ ಆಗಲ್ಲ ಬುಡು" ಅನ್ನುತ್ತಿದ್ದರು. ಡಾಕ್ಟರ ಮಾತಿಗಿಂತ ನನಗೆ ಅದರಿಂದಲೇ ಧೈರ್ಯ ಬರುತ್ತಿತ್ತು.

ನನ್ನ ಹೆಸರು ಗುಂಡಪ್ಪ. ಅವ್ವನಿಗೆ ಗುಂಡ. ಹುಟ್ಟಿದಾಗ ಗುಂಡುಕಲ್ಲಿನ ಹಾಗಿದ್ದಿರಬೇಕೆಂದು ನಾನೇ ಊಹಿಸಿಕೊಂಡಿದ್ದೆ. ಆದರೆ ಮನೆಯಲ್ಲಿರುವ ಒಂದೇ ಒಂದು ಹಳೆಯ ಫೋಟೋದಲ್ಲಿ ನಾನು ಪೊರಕೆ ಕಡ್ಡಿಯ ಹಾಗಿದ್ದೇನೆ. ಮೂಗಿನ ಬಲಹೊಳ್ಳೆಯಲ್ಲಿ ಒಂದು ಮುಚ್ಚಿಹೋದ ತೂತು ಬೇರೆ. ಸ್ಕೂಲಿನಲ್ಲಿ ಹುಡುಗರು "ಮೂಗುತಿ ಎಲ್ಲವ್ವಾ?" ಎಂದು ಅಣಕಿಸುತ್ತಿದ್ದರು. ಅಳುತ್ತಾ ಬಂದು ಕೇಳಿದರೆ ಅವ್ವ, "ಚೆಂದಾಗಿ ಕಾಣ್ಲಿ ಅಂತ ಚುಚ್ಚುಸ್ದೆ, ಈಗೇನು?" ಎಂದು ಗದರಿಸಿ ಒಳಗೆ ಹೋಗುತ್ತಿದ್ದಳು. ಹೆಣ್ಣುಕೂಸು ಬೇಕೆಂದಿದ್ದಳೇನೋ ಎಂದು ಎಷ್ಟೋ ವರ್ಷ ನನಗೊಂದು ಸಣ್ಣ ಕೊರಗಿತ್ತು.

ಎರಡು ವರ್ಷದ ಹಿಂದಿನ ಮುಂಗಾರಿನಲ್ಲಿ ನನ್ನ ಮರದ ಸುಳಿ ಕೊಳೆಯಿತು. ಅಂಗಡಿಯ ಮುಲಾಮುಗಳನ್ನೆಲ್ಲ ತಂದು ಹಚ್ಚಿಸಿದೆ. ಕೇಳಲಿಲ್ಲ. ಒಂದೊಂದೇ ಗರಿ ಜೋತುಬಿದ್ದು ಕಡೆಗೆ ಬರೀ ಕಂಬ ಉಳಿಯಿತು. ಗೊಬ್ಬರದಂಗಡಿಯವನ ಮನೆಯ ತೆಂಗು ಸತ್ತಿತೆಂದು ಊರವರು ನಕ್ಕಿದ್ದರೆ ಸಹಿಸಬಹುದಿತ್ತು. ಅವರು ನಗಲಿಲ್ಲ. ಬಸ್ ಸ್ಟಾಪಿನಲ್ಲಿ ಸಿಕ್ಕ ಪರಿಚಯದವರೊಬ್ಬರು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ಚೆನ್ನಾಗಿದ್ದೀಯಾಪ್ಪ? ಊಟ ಗೀಟ ಸೇರ್ತದಾ?" ಎಂದು ವಿಚಾರಿಸಿದರು.

ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ. ಇಲ್ಲವೆಂದು ಎಲ್ಲರಿಗೂ ಹೇಳುತ್ತಿದ್ದೆ. ಹೇಳಿಕೊಂಡೇ ಮೈಸೂರಿಗೆ ಹೋಗಿ ಎದೆಗೆ ವೈರು ಅಂಟಿಸಿಕೊಂಡು ಪರೀಕ್ಷೆ ಮಾಡಿಸಿಕೊಂಡೆ. ಡಾಕ್ಟರು ಕಾಗದ ನೋಡಿ, "ಎಲ್ಲ ಸರಿಯಾಗಿದೆಯಲ್ಲ, ಏನಾಗ್ತಿದೆ ನಿಮಗೆ?" ಅಂದರು. ನಮ್ಮ ಮನೆಯ ತೆಂಗಿನಮರ ಒಣಗಿತು ಎಂದು ಹೇಗೆ ಹೇಳುವುದು? ಒಂದು ಕಡೆ ಕೂರಲಾಗುವುದಿಲ್ಲ ಅಂದೆ. "ಹುಟ್ಟಿನಿಂದಲೂ ಹೀಗೇನಾ?" ಅಂದರು. ಹೌದೆಂದೆ. ನಕ್ಕು ಕಳಿಸಿದರು.

ಕಂಬವನ್ನು ಕುಯ್ಯಿಸಲು ಅವ್ವ ಒಪ್ಪಿದಳು, ಅದೂ ಮಂಡಿಯೆತ್ತರ ಬಿಟ್ಟು. "ಮೇಲ್ಗಡೆ ತಗಸ್ಕೊ. ಬೊಡ್ಡೆ ತಂಟೆಗೆ ಓಗ್ಬ್ಯಾಡ." ಆಮೇಲೆ ಅದೇ ಅವಳ ಜಾಗವಾಯಿತು. ಬಿಸಿಲು ಇಳಿದ ಮೇಲೆ ಬೊಡ್ಡೆಯ ಮೇಲೆ ಕೂತು ಒಣಗರಿ ಸೀಳಿ ಕಡ್ಡಿ ಪೊರಕೆ ಕಟ್ಟುತ್ತಿದ್ದಳು. ಎಂಬತ್ತು ದಾಟಿದ ಕೈಗೆ ಅಷ್ಟು ಬಿಗಿಯಿರುವುದು ನೋಡಿದರೆ ನನಗೆ ನಾಚಿಕೆಯಾಗುತ್ತದೆ. ಬೊಡ್ಡೆಯ ನಡುಭಾಗ ಕೊಳೆತು ಕುಸಿದ ಮೇಲೆ ಪಕ್ಕಕ್ಕೆ ಒಂದು ಕಲ್ಲು ಎಳೆಸಿಕೊಂಡು ಅದರ ಮೇಲೆ ಕೂರತೊಡಗಿದಳು. ಒಂದು ಕೈ ಮಾತ್ರ ಬೊಡ್ಡೆಯ ಮೇಲಿರುತ್ತಿತ್ತು. ನನ್ನ ಜೀವದ ಮೇಲೆ ನಮ್ಮವ್ವನಿಗೆ ಎಷ್ಟು ಆಸೆ ಎಂದು ನಾನು ಕರಗಿಹೋಗುತ್ತಿದ್ದೆ. ಬೊಡ್ಡೆಯನ್ನಾದರೂ ಉಳಿಸಿಕೊಂಡರೆ ಮಗ ಉಳಿಯುತ್ತಾನೆ ಅಂದುಕೊಂಡಿದ್ದಾಳೆ, ಪಾಪ ಎಂದು ಬೊಡ್ಡೆ ಕೀಳಿಸುವ ಕೆಲಸವನ್ನು ಹಾಗೇ ಮುಂದೂಡಿದೆ.

ಮುಂದೂಡಲು ಆಗದ ದಿನವೂ ಬಂತು. ನನ್ನ ಮಗಳು ಚೈತ್ರ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಹೆಣ್ಣುಕೂಸು ಹೆತ್ತು ಬಾಣಂತನಕ್ಕೆ ಮನೆಗೆ ಬಂದಳು. ಆಸ್ಪತ್ರೆಯವರು ಕೂಸನ್ನು ಮಾತ್ರ ಕೊಡುತ್ತಾರೆ, ಕಸ ಕೊಡುವುದಿಲ್ಲ. ಇರಲಿ, ಸಸಿಯಾದರೂ ನೆಡೋಣ ಎಂದು ಯಳಂದೂರಿನ ಹತ್ತಿರದ ತೋಟದಿಂದ ಒಳ್ಳೆಯ ಗಿಡ ಆರಿಸಿ ತಂದೆ. ಕೂಸಿನ ಜೊತೆಗೆ ಸಸಿಯೂ ಮನೆಗೆ ಬಂತು. ಕೂಸು ತೊಟ್ಟಿಲಲ್ಲಿ, ಸಸಿ ಬಚ್ಚಲ ಮೂಲೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ. ಕೂಸು ಮಗ್ಗುಲಾಯಿತು, ಬೋರಲು ಬಿತ್ತು. ಸಸಿಯ ಬೇರು ಚೀಲ ಹರಿದು ಹೊರಗೆ ಬಂತು. ಬೊಡ್ಡೆ ಇದ್ದಲ್ಲೇ ಇತ್ತು.

ಅಷ್ಟರಲ್ಲಿ ಗೌರಕ್ಕನ ಮರದ ಹೊಸ ಗರಿಗಳು ಬಿಚ್ಚಿಕೊಂಡವು. ಕತ್ತರಿ ಆಡಿಸಿದ ಹಾಗಿದ್ದವು.

ಈ ಸುದ್ದಿಯನ್ನು ಕೌದಳ್ಳಿಗೆ ಮುಟ್ಟಿಸಿದವರು ಯಾರೋ ತಿಳಿಯದು. ಅಂದಿನಿಂದ ದಿನಾ ಬೆಳಿಗ್ಗೆ ಫೋನು.

"ಲೇ ಗುಂಡ, ನನ್ ಮರಕ್ಕೆ ಉಳ ಬಿದ್ದದಂತಲ್ಲೋ?"

"ಏನಿಲ್ಲ ಕಣಕ್ಕ, ಹಿಂಡಿ ಆಕ್ಸಿದ್ದೀನಿ."

"ನಂಗೆ ಶುಗರ್ ಏರದೆ ಕಣ್ಲಾ. ಮೊನ್ನಿಂದ ಕಾಲು ಬ್ಯಾರೆ ಜುಮ್ ಅಂತದೆ. ನಿನ್ ಬೊಡ್ಡೆಯಿಂದ ನನ್ ಮರ ಓದ್ರೆ ನಾನೇನ್ ಮಾಡ್ಲಿ? ಕಿವಿ ಹರ್ದಿದ್ದು ಸಾಲ್ದಾ ನಿಂಗೆ?"

ಫೋನಿಟ್ಟ ಮೇಲೆ ನಾನು ಹಿತ್ತಲಿಗೆ ಹೋಗಿ ಬೊಡ್ಡೆಯ ಸುತ್ತ ಸುತ್ತುತ್ತಿದ್ದೆ. ಕಾಲಿನಿಂದ ಒದ್ದು ನೋಡುತ್ತಿದ್ದೆ. ಮೇಲಿನ ಸಿಪ್ಪೆ ಉದುರುತ್ತಿತ್ತೇ ಹೊರತು ಬುಡ ಅಲುಗುತ್ತಿರಲಿಲ್ಲ. ಅವ್ವನಿಗೆ ಎದುರಾಡದೆ, ಅವಳಿಗೆ ತಿಳಿಯದೆ, ಬೊಡ್ಡೆ ತಾನಾಗಿ ಕರಗುವಂಥ ಉಪಾಯಗಳನ್ನು ಹುಡುಕಿದೆ. ಬೆಲ್ಲದ ನೀರು ಸುರಿದರೆ ಗೆದ್ದಲು ಹತ್ತಿ ಬೇಗ ಮುಗಿಸುತ್ತದೆಂದು ಯಾರೋ ಹೇಳಿದರು. ಒಂದು ಬೆಳಿಗ್ಗೆ ಚೊಂಬಿನಲ್ಲಿ ಬೆಲ್ಲದ ನೀರು ತಂದು ಸುರಿಯುತ್ತಿದ್ದಾಗ ಅವ್ವ ಬಂದಳು. ನನ್ನನ್ನೂ ಚೊಂಬನ್ನೂ ನೋಡಿದಳು. ಕಣ್ಣು ಒರೆಸಿಕೊಂಡು, "ಆಕಪ್ಪ, ಆಕು. ನಿಂಗಾದ್ರೂ ಅನ್ನುಸ್ತಲ್ಲ" ಎಂದು ಒಳಗೆ ಹೋದಳು. ನಾನು ಪೂಜೆ ಮಾಡುತ್ತಿದ್ದೇನೆಂದು ತಿಳಿದಿರಬೇಕು. ಗೆದ್ದಲು ಬರಲಿಲ್ಲ. ಇರುವೆ ಬಂದು ಸಾಲುಗಟ್ಟಿ ಅಡುಗೆಮನೆ ಸೇರಿ ಸಕ್ಕರೆ ಡಬ್ಬ ಹಿಡಿದವು. ರತ್ನ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಕಡೆಗೆ ನಾನೂ ಗೌರಕ್ಕನೂ ಸೇರಿ ಒಳಸಂಚು ಮಾಡಿದೆವು. ಮಂಡಿನೋವು, ಅಡುಗೆಗೆ ಕೈಯಾಗುವುದಿಲ್ಲ, ಎರಡು ದಿನ ಬಂದುಹೋಗು ಎಂದು ಅವಳು ಅವ್ವನನ್ನು ಕರೆಸಿಕೊಳ್ಳಬೇಕು. ಅಷ್ಟರಲ್ಲಿ ನಾನು ಬೊಡ್ಡೆ ಕೀಳಿಸಿ, ಸಸಿ ನೆಟ್ಟು, ನೆಲ ಸಮ ಮಾಡಿಬಿಡಬೇಕು. ರತ್ನ ಮಾತ್ರ, "ಬ್ಯಾಡ ಕಣ್ರೀ, ಅತ್ತೆಗೆ ಹೇಳಿ ಮಾಡ್ಸಿ" ಅಂದಳು. ಹೇಳಿ ಹೇಳಿ ಎರಡು ವರ್ಷವಾಯಿತೆಂದು ನಾನು ರೇಗಿದೆ. ಮರುದಿನ ಬೆಳಿಗ್ಗೆ ಅವ್ವನನ್ನು ಕೌದಳ್ಳಿಯ ಬಸ್ಸಿಗೆ ಹತ್ತಿಸಿದೆ. ಕಿಟಕಿಯಿಂದ ಅವಳು, "ಕೂಸಿಗೆ ನೀರೆರೆವಾಗ ಬಾಗಿಲು ಆಕ್ಕಳಿ, ಗಾಳಿ ಬಡೀತದೆ" ಅಂದಳು. ನಾನು ತಲೆಯಾಡಿಸಿದೆ. ಬಸ್ಸು ತಿರುವಿನಲ್ಲಿ ಮರೆಯಾಗುವ ಮೊದಲೇ ಮುರುಗನಿಗೆ ಫೋನು ಮಾಡಿದೆ.

ಮುರುಗ ಹೂಗ್ಯಂ ಕಡೆಯವನು. ಕಲ್ಲು, ಬೇರು, ಬಾವಿ, ಏನಿದ್ದರೂ ಅಗೆಯುತ್ತಾನೆ. ಜೆಸಿಬಿ ತರಿಸೋಣವೆಂದರೆ ನಮ್ಮ ಓಣಿಯಲ್ಲಿ ಎಮ್ಮೆ ತಿರುಗುವುದೇ ಕಷ್ಟ. ಅವನು ಹಾರೆ, ಗುದ್ದಲಿ, ಕೊಡಲಿ ಹಿಡಿದು ಬಂದು ಬೊಡ್ಡೆಯನ್ನು ಒಮ್ಮೆ ತಟ್ಟಿ, "ಮೇಲ್ಗಡೆ ಮೆತ್ತಗದೆ ಅಣ್ಣಾ, ಅಡೀಲಿ ಗಟ್ಟಿ ಇರ್ತದೆ" ಅಂದ. ತೆಂಗಿಗೆ ತಾಯಿಬೇರಿಲ್ಲ. ಹಗ್ಗದಂಥ ಬೇರುಗಳು ಸಾವಿರಗಟ್ಟಲೆ ಸುತ್ತಲೂ ಹೊರಟಿರುತ್ತವೆ. ಒಂದನ್ನು ಕಡಿದರೆ ಅದರ ಕೆಳಗೆ ಇನ್ನೊಂದಿರುತ್ತದೆ. ಮೇಲಿನ ಕೊಳೆತ ಭಾಗ ನೆನೆದ ತೆಂಗಿನ ನಾರಿನ ಪುಡಿಯ ಹಾಗೆ ಕೈಗೇ ಬಂತು. ಅದರೊಳಗೆ ಹೆಬ್ಬೆರಳು ಗಾತ್ರದ ಬಿಳಿ ಗೊಣ್ಣೆಹುಳುಗಳು ಮುದುರಿ ಮಲಗಿದ್ದವು. ಕೊಂಬಿನ ದುಂಬಿಯ ಮರಿಗಳು. ಪಕ್ಕದ ಮನೆಯ ಕೋಳಿಗಳಿಗೆ ಯಾರು ಹೇಳಿಕಳಿಸಿದರೋ, ಎಲ್ಲವೂ ಬಂದು ಸೇರಿದವು.

ಕೆಲಸ ಸಾಗುತ್ತಿತ್ತು. ನಾನು ಮಾತ್ರ ನಿಂತಲ್ಲಿ ನಿಲ್ಲಲಾರದೆ ಬಾಗಿಲಿಗೊಮ್ಮೆ ಹಿತ್ತಲಿಗೊಮ್ಮೆ ತಿರುಗುತ್ತಿದ್ದೆ. ನನ್ನ ಮರ ನನ್ನ ಕಣ್ಣೆದುರೇ ಬೇರು ಕಳಚಿಕೊಳ್ಳುತ್ತಿತ್ತು. ನಂಬಿಕೆಯಿಲ್ಲದವನಿಗೆ ಎದೆ ಹಾಗೇಕೆ ಬಡಿದುಕೊಳ್ಳುತ್ತಿತ್ತು ಅನ್ನುವುದನ್ನು ಆ ಮೈಸೂರಿನ ಡಾಕ್ಟರನ್ನೇ ಕೇಳಬೇಕು. ಮುರುಗ ಒಂದೊಂದು ಬೇರು ಕಡಿದಾಗಲೂ ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡುತ್ತಿದ್ದೆ. "ಮುರುಗ, ಸಾಕು ಮಾಡೋಣ್ವಾ?" ಅಂದೆ. ಅವನು ಗುಂಡಿಯೊಳಗಿಂದ ತಲೆಯೆತ್ತಿ, "ಅರ್ಧಕ್ಕೆ ಬುಟ್ರೆ ಏನ್ ಚೆಂದ ಅಣ್ಣಾ?" ಎಂದು ಮತ್ತೆ ಹಾರೆ ಎತ್ತಿದ.

ಮಧ್ಯಾಹ್ನ ದಾಟಿದ ಮೇಲೆ ಓಣಿಯ ತುದಿಯಲ್ಲಿ ಆಟೋ ನಿಂತ ಸದ್ದಾಯಿತು. ಮುಂದೆ ಅವ್ವ, ಹಿಂದೆ ಚೀಲ ಹಿಡಿದುಕೊಂಡು ತಲೆ ತಗ್ಗಿಸಿದ ಗೌರಕ್ಕ.

"ಒಟ್ಟೇಲಿ ಮಡೀಕಳಕ್ಕಾಗ್ನಿಲ್ಲ ಕಣ್ಲಾ," ಅಂದಳು ಗೌರಕ್ಕ. "ಅವ್ವ ಬಂದೇಟ್ಗೆ ನನ್ ಮಂಡಿಗೆ ಎಣ್ಣೆ ಉಜ್ಜಕ್ಕೆ ಕುಂತ್ಕಂಡ್ಲು. ನಂಗೆ ನೋವೇ ಇರ್ನಿಲ್ವಲ್ಲ. ಎಲ್ಲಾನೂ ಏಳ್ಬುಟ್ಟೆ."

ಅವ್ವ ಬಯ್ಯುತ್ತಾಳೆಂದು ನಾನು ಕಾದೆ. ಬಯ್ಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಅವಳು ತನ್ನ ಕಲ್ಲಿನ ಮೇಲೆ ಕೂತು, ಅಗೆದ ಮಣ್ಣನ್ನೂ, ಪಕ್ಕಕ್ಕೆ ವಾಲಿಕೊಂಡಿದ್ದ ಬೊಡ್ಡೆಯನ್ನೂ ನೋಡಿದಳು.

"ಮೆಲ್ಲಗೆ ಅಗಿಯಪ್ಪ," ಅಂದಳು ಮುರುಗನಿಗೆ. "ಅಡೀಲಿ ಕುಡ್ಕೆ ಅದೆ."

ಮುರುಗ ಹಾರೆ ಪಕ್ಕಕ್ಕಿಟ್ಟು ಕೈಯಲ್ಲೇ ಮಣ್ಣು ಬಗೆದ. ಕುಡಿಕೆಯೇನೂ ಉಳಿದಿರಲಿಲ್ಲ. ಬೇರುಗಳು ಅದನ್ನು ಎಂದೋ ಒಡೆದು ಚೂರುಗಳನ್ನು ತಮ್ಮೊಳಗೆ ಹೆಣೆದುಕೊಂಡಿದ್ದವು. ಅಂಗೈಯಗಲದ ಒಂದು ಚೂರನ್ನು ಬಿಡಿಸಿ, ಪಂಚೆಯಲ್ಲಿ ಒರೆಸಿ ಮೇಲಕ್ಕೆ ಚಾಚಿದ. ನಾನು ಇಸಿದುಕೊಂಡೆ. ನನ್ನ ಜೊತೆ ಈ ಲೋಕಕ್ಕೆ ಬಂದದ್ದು ಇದರಲ್ಲಿತ್ತಲ್ಲ ಅನ್ನಿಸಿತು. ಅದನ್ನು ಅವ್ವನ ಕಡೆಗೆ ಹಿಡಿದು, "ನಂದು ನೋಡವ್ವ" ಅಂದೆ.

"ನಿಂದಲ್ಲ ಕಣ್ಲಾ ಅದು," ಅಂದಳು ಅವ್ವ.

ಅವಳೇ ಹೇಳಿದಳು. ಹೇಳುವಾಗ ನಮ್ಮ ಕಡೆ ನೋಡಲಿಲ್ಲ, ಗುಂಡಿಯ ಕಡೆ ನೋಡುತ್ತಿದ್ದಳು.

"ಗೌರಿ ಆದ್ಮೇಲೆ ಒಂದು ಗಂಡುಕೂಸು. ಮಾದೇವ ಅಂತ ಎಸ್ರು. ಕೆಂಪಗೆ ಗುಂಡ್ಗುಂಡ್ಗೆ ಇದ್ದ. ಆಗ್ಲೇ ಗೋಡೆ ಇಡ್ಕಂಡು ನಡೀತಿದ್ದ. ಒಂದಿನ ವಾಂತಿ ಭೇದಿ ಅಂತು. ಗಾಡಿ ಕಟ್ಕಂಡು ಕೊಳ್ಳೇಗಾಲಕ್ಕೆ ಓಗೋ ಅಷ್ಟ್ರಲ್ಲಿ ಮುಗುದೋಯ್ತು. ಇದು ಅವಂದು."

ಗೌರಕ್ಕ ಚೀಲವನ್ನು ಕೆಳಗಿಟ್ಟಳು. ಅವಳ ಕೈ ತಾನಾಗಿ ಎಡಗಿವಿಗೆ ಹೋಯಿತು.

"ಅವ್ವ... ನನ್ ಕಿವಿ?"

"ಅವನೇ. ಗುಂಡ ಇನ್ನೂ ಉಟ್ಟೇ ಇರ್ನಿಲ್ಲ."

"ಕೂಸ್ನ ಎತ್ಕಂಡಿದ್ದು ನೆಪ್ಪದೆ. ನಗ್ತಿದ್ದಿದ್ದು ನೆಪ್ಪದೆ," ಅಂದಳು ಗೌರಕ್ಕ. ಅವಳ ಗಲ್ಲದ ಮೇಲೆ ನೀರಿಳಿಯುತ್ತಿತ್ತು. "ಇವ್ನೇ ಅಂದ್ಕಂಡಿದ್ನಲ್ಲವ್ವ ಇಷ್ಟ್ ದಿನ."

ಊರಿನ ಹಿರಿಯರಿಗೆಲ್ಲ ಇದು ಗೊತ್ತಿದ್ದಿರಬೇಕು. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬಾಯಿಬಿಟ್ಟು ಹೇಳುತ್ತಾರೆ? ಅಪ್ಪ ಹೇಳದೆಯೇ ಹೋದರು. ನನಗೆ ಏನನ್ನಿಸಿತೆಂದು ನೀವು ಕೇಳಿದರೆ ಒಂದೇ ಮಾತಿನಲ್ಲಿ ಹೇಳಲಾರೆ. ಎರಡು ವರ್ಷ ನನ್ನದಲ್ಲದ ಮರಕ್ಕಾಗಿ ಹೆದರಿ ಸತ್ತೆನಲ್ಲ ಎಂದು ಮೊದಲು ನಗು ಬಂತು. ಆಮೇಲೆ ಅಕ್ಕನ ಕಿವಿ ಹರಿದ ಆ ಹುಡುಗ ಕಣ್ಣಮುಂದೆ ಬಂದ. ಇಷ್ಟು ವರ್ಷ ಅವನ ತಪ್ಪಿಗೆ ನಾನು ಸೀರೆ ಕೊಟ್ಟಿದ್ದೆ. ಕೊಟ್ಟದ್ದು ಒಳ್ಳೆಯದಾಯಿತು ಅನ್ನಿಸಿತು. ನನಗೊಬ್ಬ ಅಣ್ಣನಿದ್ದ, ನಾನು ಅವನ ಬುಡಕ್ಕೆ ನೀರು ಹಾಕಿ ಬೆಳೆದಿದ್ದೆ. ಅಳು ಬಂತು. ಅತ್ತೆ.

ಅವ್ವನ ಮಾತು ಮುಗಿದಿರಲಿಲ್ಲ.

"ನಿಮ್ಮಪ್ಪ ಗಿಡ ಕಿತ್ತಾಕನ ಅಂದ. ನಾನು ಬುಡ್ನಿಲ್ಲ. ಕೂಸು ಓದ್ರೂ ಅದು ಬೆಳೀತಾನೇ ಇತ್ತು. ಬೆಳೀಲಿ ಅಂದೆ. ಆಮೇಲೆ ನೀನ್ ಉಟ್ದೆ. ನಿನ್ ಕಸವ ತಿಪ್ಪೇಲಿ ಊಳಿದ್ವಿ. ಮ್ಯಾಲೆ ಏನೂ ನೆಡ್ನಿಲ್ಲ. ನಿನ್ನೂ ತಿಪ್ಪೆ ಮ್ಯಾಲೆ ಉಳ್ಳಾಡ್ಸಿ, ಮೂಗು ಚುಚ್ಚಿ, ಬರೀ ಕಲ್ಲು ಅನ್ನಂಗೆ ಗುಂಡ ಅನ್ನೋ ಎಸ್ರಿಟ್ಟೆ. ಯಾರ್ ಕಣ್ಣೂ ಬೀಳ್ದೇ ಇರ್ಲಿ ಅಂತ. ದೊಡ್ಡೋನಾದ್ಮೇಲೆ ಅಕ್ಕಂಗೆ ಮರ ಅದೆ, ನಂದ್ಯಾವ್ದು ಅಂತ ನೆಲುಕ್ ಬಿದ್ದು ಅತ್ತೆ. ಅದ್ಕೇ ಇದ ತೋರುಸ್ದೆ."

ತಿಪ್ಪೆಯಲ್ಲಿ ಬೇರುಬಿಟ್ಟವನು ಗೊಬ್ಬರದ ವ್ಯಾಪಾರಿಯಾದದ್ದರಲ್ಲಿ ಆಶ್ಚರ್ಯವೇನಿದೆ ಎಂದು ಇನ್ನೊಂದು ಹೊತ್ತಿನಲ್ಲಾದರೆ ನಾನೇ ತಮಾಷೆ ಮಾಡುತ್ತಿದ್ದೆ. ಆಗ ಮಾತ್ರ ಅವ್ವನ ಕಲ್ಲಿನ ಪಕ್ಕ ನೆಲದ ಮೇಲೆ ಕೂತೆ. ಕೋಳಿಗಳು ಕೆದಕುತ್ತಿದ್ದವು, ಒಳಗೆ ಕೂಸು ಎದ್ದು ಅಳುತ್ತಿತ್ತು. ರತ್ನ ಕಾಫಿ ತಂದವಳು ನನ್ನ ಕಾಲಿನ ಕಡೆಗೇ ನೋಡುತ್ತಿದ್ದಳು. ನಾನೂ ನೋಡಿಕೊಂಡೆ. ಅಲ್ಲಾಡುತ್ತಿರಲಿಲ್ಲ.

ಗೌರಕ್ಕನೂ ಕಾಫಿ ಕುಡಿದಳು. ಲೋಟ ಕೆಳಗಿಟ್ಟು ಮೂಗು ಒರೆಸಿಕೊಂಡು, "ಏನಾದ್ರಾಗ್ಲಿ, ಸೀರೆ ಮಾತ್ರ ನಿಲ್ಲುಸ್ಬ್ಯಾಡ ಕಣ್ಲಾ" ಅಂದಳು. ಅವ್ವನೂ ನಕ್ಕಳು.

ಬೊಡ್ಡೆ ಅಂದೇ ಹೊರಗೆ ಬಂತು. ಮುರುಗನೂ ನಾನೂ ಸೇರಿ ಅದನ್ನು ಹೊಲಕ್ಕೆ ಸಾಗಿಸಿ ಸುಟ್ಟೆವು. ಅದು ಉರಿಯಲಿಲ್ಲ, ದಿನಗಟ್ಟಲೆ ಹೊಗೆಯಾಡಿತು. ಗುಂಡಿಯಲ್ಲಿ ಸಿಕ್ಕ ಹುಳುವನ್ನೆಲ್ಲ ಆರಿಸಿ, ಒಂದಷ್ಟು ದಿನ ಬಿಸಿಲಿಗೆ ಬಿಟ್ಟೆ. ಗೌರಕ್ಕನ ಮರದ ಸುಳಿಗೆ ಮತ್ತೊಮ್ಮೆ ಹಿಂಡಿ ತುಂಬಿಸಿದೆ. ಈಚೆಗೆ ಬಿಚ್ಚಿಕೊಂಡ ಗರಿ ಪೂರ್ತಿಯಾಗಿದೆ. ಅದರ ಫೋಟೋ ತೆಗೆದು ಕೌದಳ್ಳಿಗೆ ಕಳಿಸಿದ ಮೇಲೆ ಅವಳ ಕಾಲಿನ ಜುಮ್ಮೂ ಕಡಿಮೆಯಾಗಿದೆಯಂತೆ.

ಸಸಿ ನೆಡುವ ದಿನ ಅವ್ವ ಮಿಂದು ಬೇರೆ ಸೀರೆಯುಟ್ಟು ಬಂದಳು. ಗುಂಡಿಗೆ ಮರಳು, ಉಪ್ಪು, ಕಳಿತ ಗೊಬ್ಬರ ಹಾಕಿದ್ದೆ. ಅವಳು ಸೆರಗಿನ ಗಂಟು ಬಿಚ್ಚಿ ಆ ಕುಡಿಕೆಯ ಚೂರನ್ನು ತೆಗೆದಳು. ಇಷ್ಟು ದಿನ ಅದು ಅವಳ ಹತ್ತಿರವೇ ಇತ್ತೆಂದು ನನಗೆ ಗೊತ್ತಿರಲಿಲ್ಲ. ಬಗ್ಗಿ ಗುಂಡಿಯ ತಳದಲ್ಲಿಟ್ಟು, ಒಂದು ಹಿಡಿ ಮಣ್ಣು ಮುಚ್ಚಿದಳು. ಚೀಲ ಹರಿದು ಸಸಿಯನ್ನು ನಾನು ಇಳಿಸಿದೆ. ಚೈತ್ರ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ರತ್ನ ನೀರಿನ ಚೊಂಬು ಕೊಟ್ಟು, "ಕೂಸಿನ ಹೆಸ್ರು ಹೇಳಿ ಹಾಕಿ ಅತ್ತೆ" ಅಂದಳು.

ಅವ್ವ ಚೊಂಬು ಹಿಡಿದು ನಿಂತಳು.

"ಕೂಸಿಗೆ ಇನ್ನೊಂದ್ ತರ್ಲಿ, ಬಚ್ಚಲ ಆಚೆ ಜಾಗ ಮಾಡನ," ಅಂದಳು. "ಇದು ಗುಂಡಂದು."

ಎಲ್ಲರೂ ನನ್ನ ಕಡೆ ತಿರುಗಿದರು. ತಲೆ ನೆರೆತು, ಹೊಟ್ಟೆ ಬಂದು, ಅಜ್ಜನಾಗಿರುವವನು ನಾನು. "ನಂಗ್ಯಾಕವ್ವ ಈಗ?" ಎಂದು ನಕ್ಕೆ.

ಅವ್ವ ನಗಲಿಲ್ಲ. ನೀರನ್ನು ಬುಡದ ಸುತ್ತ ನಿಧಾನವಾಗಿ ಸುರಿದು, ಒದ್ದೆ ಕೈಯನ್ನು ನನ್ನ ತಲೆಯ ಮೇಲಿಟ್ಟಳು.

"ಆಗ ನೆಡಕ್ಕೆ ಭಯ ಆಗಿತ್ತು ಕಣ್ಲಾ. ಈಗಿಲ್ಲ. ಉಳ್ಕಂಡೆ ನೀನು."